ಎರಡನೇ ಕ್ಲಾಸಿಗೆ ಬಂದ ಚಿನ್ನದ ಪೆಟ್ಟಿಗೆ

ಸ್ಕ್ರೂ ಮೇಡಂಗೆ ಐದು ತಿಂಗಳ ಸಂಬಳ ಬರಬೇಕು. ಕೊಡಬೇಕಾದದ್ದು, ಮಕ್ಕಳಿಗೆ ರೋಬೋ ಮಾಡಲು ಕಲಿಸುತ್ತೇವೆಂದು ಶಾಲೆಯಿಂದ ಶಾಲೆಗೆ ಅಲೆಯುವ ಒಂದು ಕಂಪನಿ. ದುಡ್ಡಿಲ್ಲದೆ ತಡೆದಿಲ್ಲ. ತಾವು ಹೇಳಿದ ಹಾಗೆ ಈಕೆ ಕೇಳಲಿಲ್ಲವೆಂದು ತಡೆದಿದ್ದಾರೆ.

ಆ ಅಡ್ಡಹೆಸರು ಮಕ್ಕಳು ಇಟ್ಟದ್ದು. ಮೇಡಂ ಇಪ್ಪತ್ತೆರಡು ವರ್ಷ ಅಪ್ಪನ ಅಂಗಡಿಯಲ್ಲಿ ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿದವರು. ಅಪ್ಪ ಸತ್ತ ಮೇಲೆ ಅಂಗಡಿ ಅಣ್ಣನ ಪಾಲಾಯಿತು, ಕೆಲಸ ಮಾತ್ರ ಇವರ ಕೈಯಲ್ಲಿ ಉಳಿಯಿತು. ಆ ಕೈ ನೋಡಿಯೇ ಕಂಪನಿ ಕರೆದದ್ದು. ಡಿಗ್ರಿ ಇಲ್ಲ ಅಂತ ಅರ್ಧ ಸಂಬಳ.

ಶಾಲೆಗೆ ಎರಡು ಬಗೆಯ ಪೆಟ್ಟಿಗೆ ಬಂದವು. ಚಿನ್ನದ್ದರಲ್ಲಿ ಅಕ್ಕಿಕಾಳಿನಷ್ಟು ಸ್ಕ್ರೂ, ಅಂಗಿ ಗುಂಡಿಯಷ್ಟೇ ಇರುವ ಬಟನ್ ಸೆಲ್, ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್. ಬೆಳ್ಳಿಯದರಲ್ಲಿ ದಪ್ಪ ದಪ್ಪ ಬಣ್ಣದ ಇಟ್ಟಿಗೆ. ಯಾರಿಗೆ ಯಾವುದು ಎಂದು ತೀರ್ಮಾನಿಸಿದ್ದು ವಯಸ್ಸಲ್ಲ, ಫೀಸು! ‘ಏಳನೇ ವಯಸ್ಸಿಗೇ ಇಂಜಿನಿಯರ್’ ಎಂಬ ಬೋರ್ಡಿಗೆ ಮರುಳಾಗಿ ಎರಡನೇ ಕ್ಲಾಸಿನ ಅಪ್ಪ ಅಮ್ಮಂದಿರು ಚಿನ್ನಕ್ಕೆ ಕಟ್ಟಿದರು. ಒಂಬತ್ತನೇ ಕ್ಲಾಸಿನವರ ಮನೆಯಲ್ಲಿ ಟ್ಯೂಷನ್ನಿಗೇ ಜೇಬು ಖಾಲಿ, ಅವರಿಗೆ ಬೆಳ್ಳಿ.

“ಮೇಡಂ, ಇದರ ಜೊತೆ ಹಾಲಿನ ಬಾಟ್ಲಿನೂ ಕೊಡ್ತೀರಾ?” ಎಂದಳು ಒಂಬತ್ತನೆಯವಳೊಬ್ಬಳು. ಕ್ಲಾಸಿಗೆ ಕ್ಲಾಸೇ ನಕ್ಕಿತು.

ಮೂರನೇ ವಾರ, ಎರಡನೇ ಕ್ಲಾಸಿನಲ್ಲಿ ಒಂದು ಪುಟ್ಟಿಯ ಕೆನ್ನೆ ಉಬ್ಬಿತ್ತು.

“ಬಾಯಲ್ಲಿ ಏನು ಪುಟ್ಟಿ?”

“ರೋಬೋ ಊಟ ಮಿಸ್. ತಣ್ಣಗಿತ್ತು, ಬಿಸಿ ಮಾಡ್ತಿದ್ದೀನಿ.”

ಮೇಡಂ ಬೆರಳು ಹಾಕಿ ಹೊರಗೆ ತೆಗೆದರು. ಬಟನ್ ಸೆಲ್. ನುಂಗಿದ್ದರೆ ಗಂಟಲೇ ಸುಟ್ಟುಹೋಗುತ್ತಿತ್ತು.

ಅವತ್ತೇ ಪೆಟ್ಟಿಗೆಗಳನ್ನು ಅದಲುಬದಲು ಮಾಡಿದರು. ಅವರ ಅಳತೆ ಸರಳ. ಅಂಗಿಯ ಗುಂಡಿ ಹಾಕಲೂ ತಿಣುಕುವವರಿಗೆ ದಪ್ಪ ಇಟ್ಟಿಗೆ, ಬಾಣದ ಗುರುತಿನ ಚೀಟಿ. ಶೂ ಲೇಸು ತಾವೇ ಕಟ್ಟಿಕೊಳ್ಳುವ ನಡುವಿನ ಕ್ಲಾಸಿನವರಿಗೆ ಎರಡೂ ಪೆಟ್ಟಿಗೆಯಿಂದ ಆರಿಸಿದ ಹಲ್ಲುಚಕ್ರ, ಮುಚ್ಚಳಕ್ಕೆ ಸ್ಕ್ರೂ ಬಿಗಿದ ಬ್ಯಾಟರಿ. ಸೂಜಿಗೆ ದಾರ ಪೋಣಿಸಿ, ಜೊತೆಗೆ ಎದುರು ವಾದಿಸುವವರಿಗೆ ಬೆಸುಗೆ, ಸೆನ್ಸರ್, ಕೋಡಿಂಗ್.

ಎರಡನೆಯವರು ತಮ್ಮಲ್ಲೇ ಒಬ್ಬನನ್ನು ರೋಬೋ ಮಾಡಿದರು. ಚೀಟಿ ತೋರಿಸಿದಂತೆ ಎರಡು ಹೆಜ್ಜೆ ಮುಂದೆ, ಎಡಕ್ಕೆ ತಿರುಗು. ಒಂದು ಚೀಟಿ ತಪ್ಪಿ ರೋಬೋ ಹೆಡ್‌ಮಾಸ್ಟರರ ಹೊಟ್ಟೆಗೆ ಗುದ್ದಿತು. ತಪ್ಪು ಎಲ್ಲಾಯಿತೆಂದು ಹುಡುಕಿದವರೂ ಆ ಮಕ್ಕಳೇ. ಒಂಬತ್ತನೆಯವರು ನೀರಿನ ಟ್ಯಾಂಕು ತುಂಬಿದರೆ ಕಿರುಚುವ ಯಂತ್ರ ಮಾಡಿ ಶಾಲೆಯ ಚಾವಣಿಗೇ ಹತ್ತಿಸಿದರು.

ಸುದ್ದಿ ತಿಳಿದು ಕಂಪನಿಯ ಮ್ಯಾನೇಜರ್ ಬಂದ. ನಾಲ್ಕು ಜನ ಅಪ್ಪಂದಿರೂ ಬಂದರು.

“ಒಪ್ಪಂದ ಓದಿದ್ದೀರಾ ಮೇಡಂ?”

“ಓದಿದ್ದೀನಿ ಸಾರ್. ನೀವು ಏಳು ವರ್ಷದ ಮಗುವಿನ ಬೆರಳು ನೋಡಿದ್ದೀರಾ?”

“ಅಷ್ಟು ಫೀಸು ಕಟ್ಟಿ ನಮ್ಮ ಮಗ ಚೀಟಿ ಆಟ ಆಡಬೇಕಾ?” ಒಬ್ಬ ಅಪ್ಪ ಮೇಜು ಗುದ್ದಿದ.

“ನಿಮ್ಮ ಮಗನ ಅಂಗಿ ಗುಂಡಿ ಬೆಳಿಗ್ಗೆ ಯಾರು ಹಾಕಿದ್ದು ಸಾರ್?”

ಆತ ಪಕ್ಕದವರ ಮುಖ ನೋಡಿದ. ನಾಚಿಕೆಗಲ್ಲ, ಗೊತ್ತಿರಲಿಲ್ಲ ಅಷ್ಟೆ.

ಬಾಯಲ್ಲಿ ಸಿಕ್ಕ ಸೆಲ್ಲನ್ನು ಮೇಡಂ ಮೇಜಿನ ಮೇಲಿಟ್ಟರು. ಮ್ಯಾನೇಜರ್ ಅದನ್ನು ಜೇಬಿಗಿಳಿಸಿ, “ಇದನ್ನ ದೊಡ್ಡದು ಮಾಡಬೇಡಿ” ಎಂದ. ಥೂ, ಎಂಥ ಜನ! ಆಮೇಲೆ ಒಂದು ಕಾಗದ ಮುಂದೆ ತಳ್ಳಿದ. ‘ನನ್ನದೇ ತಪ್ಪು, ಪೆಟ್ಟಿಗೆಗಳನ್ನು ಮೊದಲಿದ್ದಂತೆ ಹಂಚುತ್ತೇನೆ.’ ಸಹಿ ಹಾಕಿದರೆ ಅವತ್ತೇ ಪೂರ್ತಿ ಸಂಬಳ, ಇಲ್ಲದಿದ್ದರೆ ಚಿಕ್ಕಾಸೂ ಇಲ್ಲ.

ಮನೆಯಲ್ಲಿ ಅಣ್ಣ ರೇಗಿದ. “ಒಂದು ಸಹಿ ತಾನೇ? ಗೀಚಿ ಬಿಸಾಕು. ನಿನಗೇನು ಆ ಮಕ್ಕಳು ಹೊಟ್ಟೇಲಿ ಹುಟ್ಟಿದ್ವಾ?”

“ಹುಟ್ಟಿದ್ದು ಯಾರ ಹೊಟ್ಟೇಲೋ ಅವರೇ ಸುಮ್ಮನಿದ್ದಾರಲ್ಲ ಅಣ್ಣಾ, ಅದಕ್ಕೇ ನಾನು ಬಾಯಿ ಬಿಟ್ಟಿದ್ದು.”

ಐದು ತಿಂಗಳಾಯಿತು, ಮೇಡಂ ಇನ್ನೂ ಸಹಿ ಹಾಕಿಲ್ಲ. ಬರುವ ಸೋಮವಾರದಿಂದ ಬೇರೊಬ್ಬರನ್ನು ಕರೆತಂದು ಚಿನ್ನದ ಪೆಟ್ಟಿಗೆಯನ್ನು ಮತ್ತೆ ಎರಡನೇ ಕ್ಲಾಸಿನಲ್ಲೇ ತೆರೆಯುತ್ತಾರಂತೆ.

ಇದನ್ನು ಓದುತ್ತಿದ್ದೀರಲ್ಲ, ನಿಮ್ಮ ಮಗುವೂ ಯಾವುದೋ ಶಾಲೆಯಲ್ಲಿ ಇಂಥದೇ ಪೆಟ್ಟಿಗೆಯ ಮುಂದೆ ಕೂತಿರುತ್ತದೆ. ಫೀಸು ಕಟ್ಟಿದ ರಸೀದಿ ತೋರಿಸಬೇಡಿ ನನಗೆ. ನಾಳೆ ಬೆಳಿಗ್ಗೆ ಕ್ಲಾಸಿನೊಳಕ್ಕೆ ಹೋಗಿ. ಆ ಪೆಟ್ಟಿಗೆಯನ್ನು ನಿಮ್ಮ ಕೈಯಾರೆ ಬಿಚ್ಚಿ. ಮಗುವಿನ ಬಾಯಿಗೆ ಹೋಗುವಂಥದ್ದು ಒಂದೇ ಒಂದು ಕಂಡರೂ ಅಲ್ಲೇ ಕ್ಲಾಸು ನಿಲ್ಲಿಸಿ. ಹೋಗುತ್ತೀರೋ ಇಲ್ಲವೋ, ಅದನ್ನು ಹೇಳಿ.