ಡಿ ಡ್ರೈವ್‌ನಲ್ಲಿದ್ದ ಮೀನು

ಫಾರ್ಮ್ಯಾಟ್ ಒತ್ತಿದ ಮರುಕ್ಷಣವೇ ಗೊತ್ತಾಯಿತು, ನಾನು ಅಳಿಸಿದ್ದು ‘ಸಿ’ ಅಲ್ಲ, ‘ಡಿ’. ಲ್ಯಾಪ್‌ಟಾಪ್ ಹೊನ್ನಾವರದ ಬೋಟ್ ಮಾಲೀಕ ಗಣಪಣ್ಣನದು. ‘ಪೆನ್‌ಡ್ರೈವ್ ಎಲ್ಲ ದಡ್ಡರಿಗೆ, ಹಾರ್ಡ್ ಡಿಸ್ಕ್‌ನಿಂದಲೇ ಹೊಸ ವಿಂಡೋಸ್ ಹಾಕಿಕೊಡ್ತೇನೆ’ ಎಂದು ಕೊಚ್ಚಿಕೊಂಡು, ಇನ್‌ಸ್ಟಾಲ್ ಫೈಲುಗಳನ್ನು ‘ಡಿ’ಯಲ್ಲೇ ಇಟ್ಟ ಮೇಧಾವಿ, ಹೈಸ್ಕೂಲಿನ ಕಂಪ್ಯೂಟರ್ ಮಾಸ್ತರನಾದ ನಾನು. ಅವು ಹೋದವು. ಜೊತೆಗೆ, ಸಮುದ್ರದಲ್ಲಿ ಮೀನು ಸಿಗುವ ಜಾಗಗಳೆಂದು ಗಣಪಣ್ಣ ಹತ್ತು ವರ್ಷ ಕೂಡಿಟ್ಟಿದ್ದ ಜಿಪಿಎಸ್ ಪಟ್ಟಿಯೂ ಹೋಯಿತು.

ತಡವರಿಸುತ್ತ ವಿಷಯ ಹೇಳಿದೆ. ಗಣಪಣ್ಣ ಲ್ಯಾಪ್‌ಟಾಪ್ ಮುಚ್ಚಿ ಬದಿಗಿಟ್ಟ.

‘ಆತು ಬಿಡಿ ಮಾಸ್ತರೇ, ಹೋದ್ದು ಹೋತು. ನಮ್ಮಪ್ಪ ದಡದ ಗುಡ್ಡ ನೋಡ್ಕಂಡೇ ಜಾಗ ಹಿಡೀತಿದ್ದ. ಗುಡ್ಡ ಅಳಿಸ್ಲಿಲ್ಲ ಅಲ್ದಾ ನೀವು?’

ವಾರದೊಳಗೆ ಅವನ ಮನೆಯಿಂದ ನಮಗೆ ಬಂಗಡೆ ಮೀನು ಬಂತು. ಈಗ ತರಗತಿಯಲ್ಲಿ ಬ್ಯಾಕಪ್ ಪಾಠ ಬಂದಾಗ, ಈ ಮೇಧಾವಿ ಬೋರ್ಡಿನ ಮೇಲೆ ಮೊದಲು ಒಂದು ಗುಡ್ಡ ಬರೆಯುತ್ತಾನೆ.