ತಾಮ್ರದತ್ತೆ

ನಮ್ಮ ಬೀದಿಯ ಗುಜರಿ ಅಂಗಡಿಯವಳು ಎಲ್ಲರಿಗೂ ತಾಮ್ರದತ್ತೆ. ಸುಟ್ಟ ಮೋಟಾರು ಯಾರ ಮನೆಯ ಅಟ್ಟದಲ್ಲಿದೆಯೆಂದು ಆ ಮನೆಯವರಿಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಮದುವೆಗೆ ಹೋದರೂ ಅವಳ ಕಣ್ಣು ಮದುಮಕ್ಕಳ ಮೇಲಲ್ಲ, ಗೋಡೆಯಲ್ಲಿ ಜೋತುಬಿದ್ದ ವೈರಿನ ಮೇಲೆ. ಕೂದಲೆಳೆಯಷ್ಟು ತಂತಿ ಬಿದ್ದರೂ ಬಗ್ಗಿ ಹೆಕ್ಕುತ್ತಾಳೆ. “ಅಷ್ಟರಿಂದ ಏನಾಗುತ್ತೆ ಅತ್ತೇ?” ಎಂದು ನಾನು ಕೆಣಕಿದರೆ, “ಕರೆಂಟ್ ಗಾಡಿಗೂ ತಾಮ್ರ, ಸೋಲಾರಿಗೂ ತಾಮ್ರ. ಇಲ್ಲಿ ಸಿಕ್ಕಿದಷ್ಟು ಗಣೀಲಿ ಅಗೆಯೋದು ತಪ್ಪುತ್ತಲ್ಲೇ!” ಎಂದು ಗದರುತ್ತಾಳೆ. ಸಂಜೆ ಗಿರಾಕಿಗಳೆಲ್ಲ ಹೋದರೂ ಬಾಗಿಲು ಹಾಕುವುದಿಲ್ಲ. ಗುಡ್ಡದ ತಾಮ್ರದ ಗಣಿಯಲ್ಲಿ ಪಾಳಿ ಮುಗಿದ ಸೈರನ್ ಕೂಗುವವರೆಗೆ ಪ್ರಾರ್ಥನೆಗೆ ಕೂತವರಂತೆ ಮುಷ್ಟಿ ಬಿಗಿದು ಬೀದಿಯ ತಿರುವನ್ನೇ ನೋಡುತ್ತಿರುತ್ತಾಳೆ. ಇದೇಕೆಂದು ನನಗೆ ಬಹಳ ದಿನ ತಿಳಿದಿರಲಿಲ್ಲ. ಸೈರನ್ ಆದ ಮೇಲೆ, ಆ ಗಣಿಯಲ್ಲಿ ನೆಲದಡಿಯ ಕೆಲಸ ಮುಗಿಸಿದ ಅವಳ ಮಗ ಸೈಕಲ್ಲಿನಲ್ಲಿ ತಿರುವು ದಾಟಿ ಬರುತ್ತಾನೆ; ಆಗ ಅವಳು ಮುಷ್ಟಿ ಬಿಚ್ಚುತ್ತಾಳೆ, ಒಳಗಿದ್ದ ತಂತಿಯ ಚೂರು ಅಂಗೈಯಲ್ಲಿ ಅಚ್ಚೊತ್ತಿರುತ್ತದೆ.