ಮಿಸ್ತ್ರಿಯ ತಲೆಗೆ ಕಟ್ಟಿದ ಬ್ರೇಕು

ಹುಮನಾಬಾದಿನ ಒಬ್ಬ ಮಿಸ್ತ್ರಿಯ ಹೆಸರನ್ನು ನಾನು ಎರಡೇ ಶಬ್ದಗಳಲ್ಲಿ ಕೆಡಿಸಿದೆ. ಅದನ್ನು ಈ ವಯಸ್ಸಿನಲ್ಲಾದರೂ ಬರೆದಿಡಬೇಕು. ಆದರೆ ಅದಕ್ಕೂ ಮುಂಚಿನ ನಾಲ್ಕು ತಿಂಗಳ ಖುಷಿಯನ್ನು ಬಿಟ್ಟು ಬರೆದರೆ, ನಾನೊಬ್ಬ ಬರೀ ಸುಳ್ಳ ಎಂದು ತೋರುತ್ತದೆ. ಸುಳ್ಳ ಹೌದು. ಖುಷಿಯಲ್ಲಿ ಮೈಮರೆತಿದ್ದ ಸುಳ್ಳ.

ಎಪ್ಪತ್ತರ ದಶಕದ ಮಾತು. ಬಸವಕಲ್ಯಾಣದ ಹೈಸ್ಕೂಲಿನಲ್ಲಿ ಮೆಟ್ರಿಕ್ ಮುಗಿಸಿ ಒಕ್ಕಲುತನಕ್ಕೆ ನಿಂತು ವರ್ಷಗಳಾಗಿದ್ದವು. ರಾಜೇಶ್ವರದ ಸಾಹುಕಾರರೊಬ್ಬರ ಶೆಡ್ಡಿನಲ್ಲಿ ಮೂರು ಮಳೆಗಾಲ ನಿಂತಲ್ಲೇ ನಿಂತಿದ್ದ ಟ್ರ್ಯಾಕ್ಟರನ್ನು ಕೊಂಡೆ. ಅದರ ಸೀಟಿನೊಳಗೆ ಇಲಿ ಮರಿ ಹಾಕಿತ್ತು. ಎರಡು ಜೋಡಿ ಎತ್ತು ಕಟ್ಟಿ ಎಳೆಸಿಕೊಂಡು ಊರಿಗೆ ತಂದೆ. ನಮ್ಮ ಪಕ್ಕದ ಮನೆಯ ಕಾಕಾ ತಮ್ಮ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಊರಿನಲ್ಲಿ ಅವರ ಎತ್ತುಗಳಷ್ಟು ಚೆಂದದ ಎತ್ತು ಇನ್ನೊಬ್ಬರ ಮನೆಯಲ್ಲಿ ಇರಲಿಲ್ಲ.

"ಏನೋ ತಮ್ಮಾ, ಹೊಲ ಹೊಡಿಯೋ ಟ್ರ್ಯಾಕ್ಟರ್ ತಂದೀಯೋ, ಎತ್ತಿಗಿ ಹೊಸಾ ಭಾರ ತಂದೀಯೋ?"

"ನೋಡ್ತಿರ್ರಿ ಕಾಕಾ, ಕಾರಹುಣ್ಣಿಮಿ ದಿನ ನಿಮ್ಮ ಎತ್ತಿನ ಮುಂದ ಓಡಸ್ತೀನಿ."

"ಓಡಸಪ್ಪಾ ಓಡಸು. ನಾ ಹಗ್ಗ ಹಿಡ್ಕೊಂಡು ಹಿಂದೇ ಬರ್ತೀನಿ, ನಿಂತ್ರ ಎಳ್ಯಾಕ."

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆ ದಿನ ಯಾರು ಏನೆಂದರೂ ನನಗೆ ನಗುವೇ ಬರುತ್ತಿತ್ತು.

ಮಿಸ್ತ್ರಿ ಹುಮನಾಬಾದಿನಿಂದ ಬೆಳಗಿನ ಬಸ್ಸಿಗೆ ಬಂದರು. ಅರವತ್ತರ ಆಚೀಚೆಯ ಸಣಕಲು ಮನುಷ್ಯ, ಹೆಗಲ ಮೇಲೆ ನಟ್ಟು ಬಿಗಿಯುವ ಪಾನಾಗಳು ತುಂಬಿದ ಗೋಣಿಚೀಲ. ಹೆದ್ದಾರಿಯ ಪಕ್ಕ ಅವರದೊಂದು ತಗಡಿನ ಅಂಗಡಿ ಇತ್ತು. ನಮ್ಮ ಸುತ್ತಿನ ನಾಲ್ಕಾರು ಹಳ್ಳಿಗಳ ಪಂಪ್‌ಸೆಟ್ಟು, ಹಿಟ್ಟಿನ ಗಿರಣಿ ಎಲ್ಲ ಅವರ ಕೈಯಲ್ಲೇ ನಡೆಯುತ್ತಿದ್ದವು. ಹಳ್ಳಿಯವರು ನಂಬಿ ಕರೆಯುವುದೇ ಅವರ ಅನ್ನ.

"ಮಾಲಕ್, ಇದು ಸತ್ತಿಲ್ಲರಿ, ನಿದ್ದಿ ಮಾಡಾಕತ್ತೇದ," ಎಂದರು ಸುತ್ತ ಒಂದು ಸುತ್ತು ಹಾಕಿ.

"ಎಬ್ಬಸೋದು ನಂಗೂ ಕಲಸ್ತೀರೇನು ಉಸ್ತಾದ್?"

"ಮೆಟ್ರಿಕ್ ಮಾಡೀರಂತ. ಲಗೂ ಕಲೀತೀರಿ ಇಲ್ಲಾ ಕಲಿಯೋದೇ ಇಲ್ಲ. ಎರಡರಾಗ ಒಂದು."

ಡೀಸೆಲ್ ಹೋಗುವ ದಾರಿಯಲ್ಲಿ ಗಾಳಿ ಸೇರಿತ್ತು. ಫಿಲ್ಟರಿನ ತಲೆಯ ಮೇಲಿನ ಬೋಲ್ಟನ್ನು ಎರಡು ಸುತ್ತು ಸಡಿಲಿಸಿ, ಕೆಳಗಿನ ಸಣ್ಣ ಹಿಡಿಕೆಯನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಲು ಹೇಳಿದರು. ಆಡಿಸಿದೆ. ಮೊದಲು ಬುಸ್ ಎಂದು ಬಿಳಿ ನೊರೆ, ಆಮೇಲೆ ಗುಳ್ಳೆ, ಆಮೇಲೆ ಒಂದೊಂದೇ ಗುಳ್ಳೆ, ಕೊನೆಗೆ ತಿಳಿಯಾದ ಡೀಸೆಲ್ ನನ್ನ ಮೊಳಕೈ ತನಕ ಇಳಿಯಿತು. "ಬಿಗೀರಿ, ಬಿಗೀರಿ!" ಎಂದು ಕೂಗಿದರು. ಬಿಗಿದೆ. ಎಂಟು ಜನ ಸೇರಿ ಬಾವಿಯ ಇಳಿಜಾರಿನಲ್ಲಿ ನೂಕಿದರು. ಒಮ್ಮೆ ಕೆಮ್ಮಿತು, ಎರಡು ಸಲ ಕೆಮ್ಮಿತು, ಆಮೇಲೆ ಕರಿ ಹೊಗೆ ಉಗುಳಿ ಹೊಡೆದುಕೊಳ್ಳತೊಡಗಿತು! ಬಣವೆಯ ಮೇಲಿನ ಕೋಳಿಗಳು ಹಾರಿದವು. ಅವ್ವ ಒಳಗಿನಿಂದ ಆರತಿ ತಟ್ಟೆ ಹಿಡಿದು ಓಡಿ ಬಂದಳು. ನಾನು ಅದರ ಸುತ್ತ ಮೂರು ಸುತ್ತು ಓಡಿದೆ. ಸುಮ್ಮನೆ, ನಿಲ್ಲಲಿಕ್ಕಾಗದೆ.

ಆಮೇಲೆ ಮಿಸ್ತ್ರಿ ವಾರಕ್ಕೊಮ್ಮೆ ಬರುವರು. ಉಳಿದ ಆರು ದಿನ ನಾನು ಬಿಚ್ಚುವುದು, ತೊಳೆಯುವುದು, ಕಟ್ಟುವುದು. ಕಟ್ಟಿದ ಮೇಲೆ ಒಂದು ನಟ್ಟು ಉಳಿದರೆ ಮತ್ತೆ ಬಿಚ್ಚುವುದು. ಒಂದಕ್ಕೊಂದು ತಿಕ್ಕುವ ಜಾಗಕ್ಕೆಲ್ಲ ಎಣ್ಣೆಯೋ ಗ್ರೀಸೋ ಬೇಕು ಎಂಬುದು ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಊಟಕ್ಕೆ ಕೂತರೂ ಉಗುರಿನಲ್ಲಿ ಗ್ರೀಸು.

ಕಾರಹುಣ್ಣಿಮೆಗೆ ವಾರವಿರುವಾಗ ಕೊನೆಯ ಕೆಲಸ ಮುಗಿಯಿತು. ಬ್ರೇಕು. ಹಿಂದಿನ ಎರಡು ಗಾಲಿಗೂ ಬೇರೆ ಬೇರೆ ಬ್ರೇಕು. ಗಾಲಿಯ ಬುಡದ ದುಂಡನೆಯ ಡಬ್ಬಿಯೊಳಗೆ ಅದರ ಪಟ್ಟಿಗಳಿರುತ್ತವೆ. ಹೊಸ ಪಟ್ಟಿಗಳನ್ನು ಮಿಸ್ತ್ರಿ ಕೂಡಿಸಿದರು, ನಾನು ಕೈಜೋಡಿಸಿದೆ. ಇಳಿಜಾರಿನಲ್ಲಿ ಮೂರು ಸಲ ಓಡಿಸಿ ನಿಲ್ಲಿಸಿದರು. ನೆಟ್ಟಗೆ ನಿಂತಿತು. "ಇದೊಂದು ಮಾತ್ರ ಒಣಗೇ ಇರಬೇಕರಿ ಮಾಲಕ್," ಎಂದೂ ಹೇಳಿದರು. ನಾನು ತಲೆ ಆಡಿಸಿದೆ. ಆದರೆ ನನ್ನ ಕಣ್ಣು ಆಗ ಟ್ರ್ಯಾಕ್ಟರಿಗೆ ಬಳಿಯಲು ತಂದಿದ್ದ ಬಣ್ಣದ ಮೇಲಿತ್ತು.

ನಮ್ಮ ಮನೆಯಲ್ಲಿ ಕಾರಹುಣ್ಣಿಮೆಯ ಹಿಂದಿನ ದಿನ ಎತ್ತುಗಳ ಮೈ ತೊಳೆದು, ವರ್ಷವೆಲ್ಲ ನೊಗ ಹೊತ್ತು ಗಡ್ಡೆಗಟ್ಟಿದ ಹೆಗಲಿಗೆ ತುಪ್ಪ ಅರಿಶಿನ ಕಲಸಿ ತಿಕ್ಕುತ್ತಾರೆ. ಆ ಸಂಜೆ ಎತ್ತುಗಳದ್ದು ಮುಗಿದ ಮೇಲೆ ಅವ್ವನ ಬಟ್ಟಲಿನಲ್ಲಿ ಇನ್ನೂ ಉಳಿದಿತ್ತು.

"ಇದೂ ನಮ್ಮ ಮನಿ ಎತ್ತೇ ಅಲ್ಲೇನೋ? ಇದರ ಹೆಗಲು ಎಲ್ಲದ?" ಎಂದು ಟ್ರ್ಯಾಕ್ಟರಿನ ಕಡೆ ತೋರಿಸಿ ಕೇಳಿದಳು.

ನಾನು ನಗಬೇಕಿತ್ತು. ನಗಲಿಲ್ಲ, ಯೋಚಿಸಿದೆ. ಭಾರವೆಲ್ಲ ಬೀಳುವುದು ಹಿಂದಿನ ಗಾಲಿಗಳ ಬುಡಕ್ಕೆ, ಹಾಗಾದರೆ ಹೆಗಲು ಅದೇ. ಹೊರಗೆ ಬಳಿದರೆ ತಗಡಿಗೆ ಬಳಿದಂತೆ, ಒಳಗೆ ಮುಟ್ಟಬೇಕು. ಬ್ರೇಕಿನ ಡಬ್ಬಿಯಲ್ಲಿ ಒಳಗೆ ನೋಡಲು ಒಂದು ಸಣ್ಣ ಕಿಂಡಿ ಇತ್ತು. ಅದರ ಮುಚ್ಚಳ ತೆಗೆದು, ಅವ್ವ ಕಾಯಿಸಿ ತಂದ ತುಪ್ಪವನ್ನು ಎಡಗಡೆಗೆ ಸುರಿದೆ. ಬಲಗಡೆಗೆ ಬರುವಷ್ಟರಲ್ಲಿ ಬಟ್ಟಲು ಖಾಲಿ. ಬೆರಳಿಗೆ ಹತ್ತಿದ್ದನ್ನು ಹೊರಗೇ ಒರೆಸಿ ಕೈ ಮುಗಿದೆ.

ಮರುದಿನ ಟ್ರ್ಯಾಕ್ಟರಿಗೆ ಮಾವಿನ ತೋರಣ, ಬಲೂನು. ಹಿಂದೆ ಬಣ್ಣದ ಕೊಂಬಿನ, ಜೂಲು ಹೊದ್ದ ಎತ್ತುಗಳು. ಎಲ್ಲರ ಮುಂದೆ ನಾನು! ಹನುಮಂತನ ಗುಡಿಯ ಕಡೆಗೆ ಇಳಿಯುವ ಓಣಿಯಲ್ಲಿ ಎರಡೂ ಬ್ರೇಕು ಕೂಡಿಸಿ ಒತ್ತಿದೆ. ಬಲಗಡೆಯದು ಗಪ್ಪನೆ ಹಿಡಿಯಿತು. ಎಡಗಡೆಯದು ಜಾರಿತು. ಟ್ರ್ಯಾಕ್ಟರು ಬಲಕ್ಕೆ ಹೊರಳಿ ಕಾಕಾನ ಕಟ್ಟೆಗೆ ಗುದ್ದಿ ನಿಂತಿತು. ಕಟ್ಟೆಯ ಪಕ್ಕ ನಿಂತಿದ್ದ ಅವರ ಎತ್ತು ಬೆದರಿ ಎಗರಿ ಗೋಡೆಗೆ ತಲೆ ಹೊಡೆದುಕೊಂಡಿತು. ಕೊಂಬು ಬುಡಕ್ಕೇ ಮುರಿಯಿತು. ಜನರಿಗೆ ಏನೂ ಆಗಲಿಲ್ಲ. ಆದರೆ ಕಾರಹುಣ್ಣಿಮೆಯ ದಿನ, ಊರಿನ ಚೆಂದದ ಎತ್ತಿನ ಮುಖದ ಮೇಲೆ ರಕ್ತ.

"ಬ್ರೇಕ್ ಯಾರು ಕಟ್ಟಿದ್ರಲೇ?" ಎಂದು ಕಾಕಾ ಗುಡುಗಿದರು.

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. "ಹುಮನಾಬಾದ್ ಮಿಸ್ತ್ರಿ," ಎಂದೆ.

"ಆ ಮುದುಕ ಇನ್ನ ಈ ಊರಾಗ ಕಾಲಿಡಬಾರ್ದು," ಎಂದರು ಕಾಕಾ.

ಮರುದಿನ ಬೆಳಗ್ಗೆ ನಾನೊಬ್ಬನೇ ಡಬ್ಬಿ ಬಿಚ್ಚಿದೆ. ಪಟ್ಟಿಗಳು ಹಳದಿಯಾಗಿದ್ದವು, ಹೋಳಿಗೆಯ ತಟ್ಟೆಯ ವಾಸನೆ. ನನಗೆ ತಿಳಿಯಿತು. ಪೆಟ್ರೋಲಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಉಸುಕಿನ ಕಾಗದದಿಂದ ತಿಕ್ಕಿ ಕಟ್ಟಿದೆ. ಬ್ರೇಕು ನೆಟ್ಟಗೆ ಹಿಡಿಯಿತು. ಇದನ್ನೂ ಮುಚ್ಚಿಡಬಾರದು: ಆ ಗಳಿಗೆಯಲ್ಲಿ ನನಗೆ ನಾಚಿಕೆಗಿಂತ ಮೊದಲು ಹಿಗ್ಗು ಬಂತು. ಮೊದಲ ಸಲ ಯಾರ ಸಹಾಯವೂ ಇಲ್ಲದೆ ರೋಗ ಹುಡುಕಿ ವಾಸಿ ಮಾಡಿದ್ದೆ! ಆದರೆ ಹೇಳಿಕೊಳ್ಳುವಂತಿರಲಿಲ್ಲ.

ವಾರದ ಮೇಲೆ ಮಿಸ್ತ್ರಿ ಯಾರದೋ ಪಂಪ್‌ಸೆಟ್ಟಿಗೆಂದು ಬಂದರು. ಜನ ಬಸ್ಸಿನ ಹತ್ತಿರವೇ ತಡೆದು ಬೇಡ ಎಂದರು. ಅವರು ಚೀಲ ಹೊತ್ತು ನಮ್ಮ ಹೊಲದ ತನಕ ನಡೆದು ಬಂದರು.

"ಒಮ್ಮಿ ಬಿಚ್ಚಿ ತೋರಸ್ರಿ ಮಾಲಕ್."

"ಈಗ ಸರಿ ಅದ ಉಸ್ತಾದ್. ಬಿಡ್ರಿ."

"ಬೈರಿ, ನಡೀತದ. ನಂದೇನು ತಪ್ಪಾಗೇದ ನಂಗ ಗೊತ್ತಾಗಬೇಕಲ್ಲರಿ? ನಾಳಿ ಮತ್ತೊಬ್ಬರ ಗಾಡಿಗಿ ಅದನ್ನೇ ಮಾಡಬಾರ್ದು."

"ಹೊಸಾ ಪಟ್ಟಿ, ಸರಿ ಕೂತಿರಲಿಲ್ಲ ಕಾಣಸ್ತದ," ಎಂದೆ.

ಅವರು ತಮ್ಮ ಎರಡೂ ಕೈಗಳನ್ನು ಮುಂದೆ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಸ್ಸಿನ ಕಡೆಗೆ ಹೊರಟರು.

ಆ ವರ್ಷ ಮಳೆ ಹದವಾಗಿ ಬಂತು. ಹೆಸರು, ಉದ್ದು, ತೊಗರಿ ಎಲ್ಲ ಟ್ರ್ಯಾಕ್ಟರಿನಿಂದಲೇ ಹದ ಮಾಡಿದ ಹೊಲದಲ್ಲಿ ಬಿತ್ತಿದೆ. ಸಾಲಿನ ಕೊನೆಯಲ್ಲಿ ಒಂದೇ ಬ್ರೇಕು ಒತ್ತಿ ಗಿರ್ರನೆ ತಿರುಗಿಸುವ ಮಜಾ ಏನು ಹೇಳಲಿ! ಅತ್ತ ಒಂದು ಹಳ್ಳಿಯಿಂದ ಇನ್ನೊಂದಕ್ಕೆ ಮಾತು ಹರಡಿ, ಮಿಸ್ತ್ರಿಯನ್ನು ಕರೆಯುವವರು ಇಲ್ಲವಾದರು.

ಮುಂದಿನ ಕಾರಹುಣ್ಣಿಮೆ ಹತ್ತಿರ ಬಂದಾಗ ತಡೆಯಲಾರದೆ ಹುಮನಾಬಾದಿಗೆ ಹೋದೆ. ಬ್ರೇಕಿನ ಕೆಲಸ ಕೇಳಿ ಬಂದ ಲಾರಿಯವನೊಬ್ಬನನ್ನು ಅವರು ವಾಪಸು ಕಳಿಸುತ್ತಿದ್ದರು: "ಬ್ರೇಕ್ ಮುಟ್ಟೋದು ಬಿಟ್ಟೀನಪ್ಪಾ. ಕೈ ಮೊದಲಿನಂಗಿಲ್ಲ."

ಲಾರಿಯವನು ಹೋಗುವುದನ್ನೇ ಕಾದು ಎಲ್ಲವನ್ನೂ ಹೇಳಿದೆ. "ತುಪ್ಪ? ಬ್ರೇಕಿಗಿ ತುಪ್ಪ?" ಎಂದು ಅವರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಗು ನಿಂತ ಮೇಲೆ ತೋಳಿನಿಂದ ಕಣ್ಣು ಒರೆಸಿಕೊಂಡರು.

"ಒಂದ್ ವರ್ಷ ನನ್ನ ಕೈ ನಾನೇ ನಂಬಿಲ್ಲರಿ, ಮಾಲಕ್. ನನ್ನ ಮುಂದ ಹೇಳಿ ಏನು ಫಾಯಿದಾ? ಮೊದಲ ಎಲ್ಲಿ ಹೇಳಿದ್ರಿ ಅಲ್ಲೇ ಹೋಗಿ ಹೇಳ್ರಿ."

ಹಬ್ಬದ ದಿನ ಎತ್ತುಗಳೆಲ್ಲ ಗುಡಿಯ ಮುಂದೆ ಕೂಡಿದಾಗ ಕಟ್ಟೆ ಹತ್ತಿ ಹೇಳಿದೆ. ಮೊದಲು ಯಾರಿಗೂ ಅರ್ಥವಾಗಲಿಲ್ಲ, ಆಮೇಲೆ ಇಡೀ ಊರು ಬಿದ್ದು ಬಿದ್ದು ನಕ್ಕಿತು. ಕಾಕಾ ನಗಲಿಲ್ಲ. ಒಂದೇ ಕೊಂಬಿನ ಎತ್ತಿನ ಹಗ್ಗ ಹಿಡಿದು ಹತ್ತಿರ ಬಂದರು.

"ಎತ್ತು ಇರ್ಲಿ ಬಿಡು. ಆ ಮುದುಕಗ ನನ್ನ ಬಾಯಿಲೇ ಬ್ಯಾಡ ಅನಸ್ದಿಯಲ್ಲೋ," ಎಂದರು.

ಮರುದಿನ ಅವರೇ ಹುಮನಾಬಾದಿಗೆ ಹೋಗಿ ಮಿಸ್ತ್ರಿಯನ್ನು ಕರೆತಂದರು. ಕಾಕಾನ ಪಂಪ್‌ಸೆಟ್ಟಿನ ಕೆಲಸ ಮುಗಿಯುವ ತನಕ ನಾನು ದೂರ ನಿಂತಿದ್ದೆ. ಆಮೇಲೆ, "ನಮ್ಮದೂ ಕ್ಲಚ್ ಜಾರಾಕತ್ತೇದ ಉಸ್ತಾದ್," ಎಂದೆ.

"ನಿಮ್ಮ ಗಾಡಿಗಿ ನಾ ಕೈ ಹಚ್ಚಲ್ಲರಿ. ಸಿಟ್ಟಿಲ್ಲ. ಅಂಜಿಕಿ. ಬಾಯಿಲೇ ಹೇಳ್ತೀನಿ, ನೀವು ಮಾಡ್ರಿ."

ಬೇವಿನ ಗಿಡದ ಕೆಳಗೆ ಕೂತು ಹೇಳಿದರು. ಟ್ರ್ಯಾಕ್ಟರನ್ನು ನಡುವಿಗೇ ಎರಡು ಭಾಗ ಮಾಡಿ, ಕ್ಲಚ್ ತೆಗೆದು, ಮತ್ತೆ ಜೋಡಿಸಲು ನನಗೆ ಮೂರು ದಿನ ಹಿಡಿಯಿತು. ಗೇರು ಸದ್ದಿಲ್ಲದೆ ಬಿದ್ದಾಗ ನಾನು ಕೂಗಿಬಿಟ್ಟೆ. ಅವರೂ ಕೂತಲ್ಲಿಂದಲೇ "ಶಾಬಾಸ್!" ಎಂದು ಕೂಗಿದರು.

ಹೀಗೆಯೇ ಪಂಪು, ಗೇರುಪೆಟ್ಟಿಗೆ ಎಲ್ಲ ಕಲಿತೆ. ಎಂಬತ್ತರ ದಶಕದ ತನಕ ಆ ಟ್ರ್ಯಾಕ್ಟರು ಓಡಿತು. ಊರಿನ ಉಳಿದವರೆಲ್ಲರ ಯಂತ್ರಗಳನ್ನೂ ಮಿಸ್ತ್ರಿ ಬಿಚ್ಚಿ ಕಟ್ಟುತ್ತಿದ್ದರು. ನಮ್ಮ ಅಂಗಳಕ್ಕೂ ಬರುವರು, ಚಹಾ ಕುಡಿಯುವರು, ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವರು. ಒಂದು ಸಲವಾದರೂ ಎದ್ದು ಬಂದು ಅದರ ಮೇಲೆ ಕೈ ಇಡಲಿ ಎಂದು ನಾನು ಕಾಯುತ್ತಿದ್ದೆ. ಅವರು ಇಡಲಿಲ್ಲ.